ಕಂಡದ್ದನ್ನಷ್ಟೇ ಬರೆಯುವ ಅರ್ಲೀನ್

ಬೆಳಕು ಹರಿಯುವುದರೊಳಗೆ ಅರ್ಲೀನ್ ವೊಂಡ್ರಾಚೆಕ್ ಗಂಡನ ಊಟದ ಡಬ್ಬಿ ಕಟ್ಟಿ, ಅತ್ತೆಯ ಹಾಸಿಗೆಯ ಬಟ್ಟೆ ಬದಲಿಸಿ, ರೈ ಬ್ರೆಡ್ಡಿನ ಹಿಟ್ಟು ನಾದಿಟ್ಟು, ಮಹಡಿಯ ಕೋಣೆಯಲ್ಲಿ ಉಳಿದುಕೊಂಡಿದ್ದ ಆಟಗಾರನ ಕೆಮ್ಮಣ್ಣು ಮೆತ್ತಿದ ಕಾಲುಚೀಲಗಳನ್ನು ಎರಡೆರಡು ಸಲ ತಿಕ್ಕಿ ನೆನೆಹಾಕಿ, ಆಮೇಲೆ ಅಡುಗೆಮನೆಯ ಕಟ್ಟೆಗೊರಗಿ ನಿಂತೇ ಕಾಫಿ ಕುಡಿಯುತ್ತ ಹಿಂದಿನ ದಿನದ ಪಂದ್ಯದ ಸ್ಕೋರ್ ಹಾಳೆಯನ್ನು ಓದುತ್ತಿದ್ದಳು. ಕುಳಿತು ಓದುವ ಅಭ್ಯಾಸ ಅವಳಿಗಿರಲಿಲ್ಲ.

ಹಾಳೆಯೂ ಅವಳದೇ. ಮೂವತ್ತೊಂದು ವರ್ಷಗಳಿಂದ ಊರಿನ ಬೇಸ್‌ಬಾಲ್ ತಂಡ ಹೆರನ್ಸ್ ಆಡಿದ ಪ್ರತಿ ಪಂದ್ಯವನ್ನೂ ರೇಡಿಯೋ ಕೇಳುತ್ತ ಇಸ್ತ್ರಿ ಹಲಗೆಯ ತುದಿಯಲ್ಲಿ ಪುಸ್ತಕವಿಟ್ಟು ಚೌಕಚೌಕವಾಗಿ ಬರೆದವಳು ಅವಳು. ಪುಟಪುಟದಲ್ಲೂ ಒಂದಷ್ಟು ಚೌಕ ಖಾಲಿ. ಯಾರೋ ಕರೆದರು, ಎದ್ದುಹೋದಳು, ಬರುವಷ್ಟರಲ್ಲಿ ಚೆಂಡು ಎಲ್ಲೋ, ಓಟಗಾರ ಎಲ್ಲೋ.

"ಮಾರನೇ ದಿನ ಪೇಪರ್ ನೋಡಿ ತುಂಬಿಸ್ಕೊಂಡ್ರೆ ಕೈ ಸವೆಯುತ್ತಾ?" ಎಂದು ಮೈದುನ ರಸ್ ಕೆಣಕಿದ್ದ.

"ಅದು ಪೇಪರಿನವನು ಕಂಡಿದ್ದು. ನಾನು ಕಂಡಿದ್ದಲ್ಲ."

ಜೂನ್ ತಿಂಗಳ ಮಧ್ಯಕ್ಕೆ ಋತುವಿನ ಮೊದಲರ್ಧ ಮುಗಿಯುತ್ತದೆ. ಆ ಅರ್ಧದಲ್ಲಿ ಮೊದಲು ನಿಂತ ತಂಡಕ್ಕೆ ಸೆಪ್ಟೆಂಬರಿನ ಅಂತಿಮ ಸುತ್ತು ಖಚಿತ. ಆ ವರ್ಷ ಹೆರನ್ಸ್‌ಗೆ ಒಂದೇ ಗೆಲುವು ಬಾಕಿಯಿತ್ತು. ಗಂಡಸರೆಲ್ಲ ಚೆಂಡು ಎಸೆಯುವ ಹೊಸ ಪಿಚರ್‌ನ ತೋಳಿನ ಗುಣಗಾನದಲ್ಲಿದ್ದರು. ಅರ್ಲೀನ್ ಬಟಾಣಿ ಸುಲಿಯುತ್ತ ಅರವತ್ತೈದು ಪುಟ ತಿರುವಿ ನೋಡಿ ಬೇರೆ ತೀರ್ಮಾನಕ್ಕೆ ಬಂದಿದ್ದಳು: ಪುಣ್ಯ ಪಿಚರ್‌ನದಲ್ಲ, ಹೊಡೆಯುವವನ ಬೆನ್ನಹಿಂದೆ ಕೂತು ಚೆಂಡು ಹಿಡಿಯಲು ಮೇ ತಿಂಗಳಲ್ಲಿ ಬಂದ ಕ್ಯಾಚರ್‌ನದು, ಅವನು ಬಂದಮೇಲೆ ಎದುರಾಳಿಗಳು ಹೊಡೆತವಿಲ್ಲದೆಯೇ ಮುಂದಿನ ನಿಲುಗಡೆಗೆ ಓಡಿ ಬೇಸ್ ಕದಿಯಲು ಹೆದರುತ್ತಿದ್ದಾರೆ. ಎಡಗೈ ಪಿಚರ್‌ಗಳಿಬ್ಬರೂ ಎಂಬತ್ತು ಎಸೆತಕ್ಕೆ ಸುಸ್ತು. ಒಂಬತ್ತು ಇನಿಂಗ್ಸ್‌ಗಳ ಆಟದಲ್ಲಿ ಆರನೆಯದರಲ್ಲಿ ತಂಡ ಹೇಗೆ ಆಡುತ್ತದೆಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಅದು ಅತ್ತೆಯನ್ನು ತೊಳೆದು ಮಲಗಿಸುವ ಹೊತ್ತು.

ಆ ವಾರವೇ ಕ್ಲಬ್ಬಿನ ಅಧಿಕೃತ ಸ್ಕೋರರ್ ಮುದುಕನಿಗೆ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಆಟಗಾರನ ಕೋಣೆ ನೋಡಲು ಬಂದ ವ್ಯವಸ್ಥಾಪಕ ಹಾಲ್ವರ್ಸನ್ ಇಸ್ತ್ರಿ ಹಲಗೆಯ ಬಳಿ ಅರ್ಧ ಗಂಟೆ ಪುಟ ಮಗುಚುತ್ತ ನಿಂತುಬಿಟ್ಟ.

"ಭಾನುವಾರ ನೀವೇ ಬಂದು ಬರೀರಿ. ಚೆನ್ನಾಗಿ ಆದ್ರೆ ಉಳಿದರ್ಧಾನೂ ನಿಮ್ದೇ."

"ಇವಳು ಅಲ್ಲಿ ಮೇಲೆ ಹೋಗಿ ಕೂತ್ರೆ ಭಾನುವಾರದ ಹಂದಿಮಾಂಸ ಯಾರು ಬೇಯಿಸ್ತಾರೆ?" ಎಂದು ಗಂಡ ಡ್ವೇನ್ ನಕ್ಕ.

"ಒಲೆಗೆ ಗುಂಡಿ ಇದೆ, ನಿಂಗೆ ಕೈಯಿದೆ. ಇಬ್ರಿಗೂ ಪರಿಚಯ ಮಾಡಿಸ್ತೀನಿ, ಬಿಡು."

ಮಹಡಿಯ ಕೋಣೆಯ ಟೆಡ್ಡಿ ಪ್ರೋಕೊಪ್ ತಂಡದ ಶಾರ್ಟ್‌ಸ್ಟಾಪ್, ಎರಡನೇ ಮೂರನೇ ಬೇಸ್‌ಗಳ ನಡುವೆ ಚೆಂಡು ಹಿಡಿಯುವವ. ಇಪ್ಪತ್ತೊಂಬತ್ತು ಪಂದ್ಯಗಳಲ್ಲಿ ಅವನದು ಒಂದೂ ತಪ್ಪಿಲ್ಲ. ಇನ್ನೊಂದು ದಾಟಿದರೆ ಕ್ಲಬ್ಬಿನ ದಾಖಲೆ. ಹಾಲ್ವರ್ಸನ್ ಆಗಲೇ ಕೇಕಿಗೆ ಹೇಳಿಟ್ಟಿದ್ದ.

ಭಾನುವಾರ ಬೆಳಗಿನ ತಿಂಡಿಗೆ ಕೂತಾಗ ಡ್ವೇನ್, "ನಮ್ಮನೆ ಅನ್ನ ತಿಂದವನು ಕಣೇ, ಸ್ವಲ್ಪ ನೋಡ್ಕೊಂಡು ಬರಿ" ಎಂದ.

"ಅಯ್ಯೋ, ನಂಗೇನೂ ಬೇಡ ಮಿಸೆಸ್ ವಿ," ಟೆಡ್ಡಿ ಕಿವಿಯವರೆಗೂ ಕೆಂಪಾಗಿ ಹೇಳಿದ. "ಇನ್ನೊಂದು ಮೊಟ್ಟೆ ಇದ್ರೆ ಕೊಡಿ."

ಮೊಟ್ಟೆ ಇತ್ತು, ಕೊಟ್ಟಳು.

ಅಂದು ಮಧ್ಯಾಹ್ನ, ಅತ್ತೆಯ ಬಳಿ ರಸ್‌ನನ್ನು ಕೂರಿಸಿ ಬಂದು, ಮೈದಾನದ ಮೇಲಿನ ಸ್ಕೋರರ್‌ನ ಗಾಜಿನ ಕೋಣೆಯಲ್ಲಿ, ಅವಳು ಜೀವನದಲ್ಲಿ ಮೊದಲ ಸಲ ಒಂದು ಪಂದ್ಯದ ಆರನೇ ಇನಿಂಗ್ಸನ್ನು ಪೂರ್ತಿಯಾಗಿ ಬರೆದಳು. ಎಂಟನೆಯದರಲ್ಲಿ ಹೆರನ್ಸ್ ಐದು ಓಟ ಮುಂದಿತ್ತು. ಆಗ ಸಾಧಾರಣವಾದೊಂದು ಚೆಂಡು ಪುಟಿಯುತ್ತ ಟೆಡ್ಡಿಯ ಎಡಕ್ಕೆ ಬಂತು. ಎರಡು ಹೆಜ್ಜೆ ಇಟ್ಟ, ಕೈಗವುಸಿಗೆ ತಾಗಿತು, ಬಿತ್ತು. ಹೊಡೆದವನು ಮೊದಲ ಬೇಸ್ ಮುಟ್ಟಿದ.

ಇದು ಹೊಡೆದವನ ಜಾಣತನದ ‘ಹಿಟ್’ ಎಂದೋ, ಹಿಡಿಯಬೇಕಾದವನ ತಪ್ಪೆಂದೋ ತೀರ್ಮಾನಿಸುವ ಅಧಿಕಾರ ಇಡೀ ಮೈದಾನದಲ್ಲಿ ಸ್ಕೋರರ್ ಒಬ್ಬಳಿಗೇ. "ಹಿಟ್! ಹಿಟ್!" ಎಂದು ಜನ ಕೂಗಿದರು. ಕೆಳಗೆ ಡ್ವೇನ್ ಎದ್ದುನಿಂತು ಟೋಪಿ ಬೀಸಿ ಗಾಜಿನತ್ತ ಸನ್ನೆ ಮಾಡುತ್ತಿದ್ದ. ಬಾಗಿಲಲ್ಲಿ ಹಾಲ್ವರ್ಸನ್ ಗಂಟಲು ಸರಿಮಾಡಿಕೊಂಡು, "ನೆಲ ಉಬ್ಬುತಗ್ಗು ಇತ್ತು, ಅಲ್ವಾ ಮಿಸೆಸ್ ವೊಂಡ್ರಾಚೆಕ್? ಮುಂದಿನ ವಾರದ ಬಗ್ಗೆ ಆಮೇಲೆ ಮಾತಾಡೋಣ" ಎಂದು ಹೊರಟುಹೋದ.

ಚೆಂಡು ನೆಟ್ಟಗೇ ಪುಟಿದಿತ್ತು. ಕೈಗೆ ಬರುವ ಮೊದಲೇ ಟೆಡ್ಡಿ ಓಟಗಾರನತ್ತ ತಲೆಯೆತ್ತಿದ್ದನ್ನು ಅವಳು ಕಂಡಿದ್ದಳು.

ಸೀದುಹೋದ ರೊಟ್ಟಿಯನ್ನು ತಾನು ತಿಂದು, ಗಂಡ ಮರೆತದ್ದನ್ನು ತಾನೇ ಮರೆತೆನೆಂದು ಒಪ್ಪಿಕೊಂಡು, ಎಲ್ಲರ ತಪ್ಪಿನ ಮೇಲೂ ಸೆರಗು ಹೊದಿಸುವುದೇ ಪ್ರೀತಿಯೆಂದು ಕಲಿತ ಹೆಂಗಸರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರಿಗೆ ಅಪರೂಪಕ್ಕೆ ಸಂಸಾರದಿಂದ ಹೊರಗಿನ ಏನೋ ಒಂದು ಸಿಕ್ಕಿಬಿಟ್ಟರೆ, ಅದನ್ನು ಮಾತ್ರ ಇದ್ದದ್ದು ಇದ್ದ ಹಾಗೆ ಪ್ರೀತಿಸುತ್ತಾರೆ.

ಅರ್ಲೀನ್ ಸ್ಕೋರ್ ಫಲಕದವನಿಗೆ ಹೇಳಲು ಫೋನೆತ್ತಿದಳು.

"ಶಾರ್ಟ್‌ಸ್ಟಾಪ್," ಎಂದಳು. "ತಪ್ಪು."