ಚಾವಡಿಯಲ್ಲಿ ಹೇಳಿದ ಹೆಸರು

ಆದಮ್ಮ ರೊಟ್ಟಿ ಬಡಿಯುತ್ತಿದ್ದಳು. ಮಸ್ಕಿ ಸಂತೆಯಿಂದ ಬಂದ ಗಂಡ ಲಾಲಪ್ಪ ಕೈಕಾಲು ಕೂಡ ತೊಳೆಯದೆ ಒಲೆಯ ಮುಂದೆ ಬಂದು ಕುಳಿತಾಗಲೇ ಅವಳಿಗೆ ಅನುಮಾನ ಬಂತು.

“ಊರಿಗೆ ಪಂಚಾಯ್ತಿ ಬರಾಕತ್ತೈತಿ. ಬರೋ ಸೋಮವಾರ ಚಾವಡಿ ಮುಂದ ಮೆಂಬರನ್ನ ಆರಿಸ್ತಾರಂತ. ನಾ ನಿಲ್ತೀನಿ” ಎಂದ.

ಅವಳ ಕೈಯಲ್ಲಿದ್ದ ರೊಟ್ಟಿ ಹರಿದುಹೋಯಿತು.

ಹೆದರುವುದಕ್ಕೆ ಕಾರಣವಿತ್ತು. ಹೋದ ವರ್ಷ ದಿಲ್ಲಿಗೆ ಮಂದಿಯನ್ನು ಕಳಿಸುವ ದೊಡ್ಡ ಚುನಾವಣೆ ನಡೆದಾಗ ಲಾಲಪ್ಪನೂ ಅವನ ಗೆಳೆಯ ಹಂಪಣ್ಣನೂ ಲಿಂಗಸುಗೂರಿನ ವಕೀಲರೊಬ್ಬರ ಪರವಾಗಿ ಪಾಮನಕಲ್ಲೂರಿನ ಸುತ್ತಲ ಹಳ್ಳಿಗಳನ್ನೆಲ್ಲ ತಿರುಗಿದ್ದರು. ಬಿಟ್ಟಿ ಚಾಕರಿ ನಿಲ್ಲಿಸುತ್ತೇನೆಂದು ವಕೀಲರು ಮಾತು ಕೊಟ್ಟಿದ್ದರು. ಚುನಾವಣೆಗೆ ನಿಂತ ಒಬ್ಬೊಬ್ಬರಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟಿದ್ದರು. ಆದರೆ ಯಾರ ಚೀಟಿ ಯಾವ ಪೆಟ್ಟಿಗೆಗೆ ಬಿತ್ತೆಂದು ತನಗೆ ತಿಳಿಯುತ್ತದೆ ಎಂದು ಊರಗೌಡ ಅಮರಗುಂಡಪ್ಪ ಒಂದು ಮಾತು ತೇಲಿಬಿಟ್ಟದ್ದೇ ತಡ, ಊರಿಗೆ ಊರೇ ಅವನು ತೋರಿಸಿದ ಪೆಟ್ಟಿಗೆಗೆ ಚೀಟಿ ಹಾಕಿ ಬಂತು. ವಕೀಲರು ಸೋತು ಸುಮ್ಮನಾದರು. ಸ್ವಲ್ಪ ದಿನಕ್ಕೇ ಹಂಪಣ್ಣನ ಬಣವೆ ಸುಟ್ಟುಹೋಯಿತು. ಹೊಲದ ದಾರಿಯಲ್ಲಿ ಅವನ ಕಾಲು ಮುರಿದರು. ಯಾರೆಂದು ಎಲ್ಲರಿಗೂ ಗೊತ್ತಿತ್ತು, ಒಬ್ಬರೂ ಬಾಯಿ ಬಿಡಲಿಲ್ಲ. ಹಂಪಣ್ಣ ಈಗ ಸಿಂಧನೂರಿನ ಕಡೆ ಮಾವನ ಮನೆ ಸೇರಿದ್ದಾನೆ.

“ಅದು ಸಾಕಾಗಲಿಲ್ಲೇನು? ಈ ಸರ್ತಿ ಪೆಟಗಿನೂ ಇಲ್ಲಂತ. ಗೌಡನ ಎದುರಿಗೆ ಕೈ ಎತ್ತಬೇಕಂತ. ಯಾರು ಎತ್ತತಾರ?” ಎಂದಳು ಆದಮ್ಮ.

“ದಿಲ್ಲಿ ದೂರ ಐತಿ, ಅದು ನಮ್ಮ ಕೈಗೆ ಸಿಗಲಿಲ್ಲ. ಚಾವಡಿ ಇಲ್ಲೇ ಐತೆಲ್ಲ! ಸಾಹೇಬ್ರು ಬಂದಾಗೊಮ್ಮಿ ನೀರು ಕಟಿಗಿ ಹೊರೋರು ನಾವ. ಮೊನ್ನಿ ಜ್ವರದಾಗ ಬಿದ್ದಾಕಿನ್ನ ನಿನ್ನ ಎಬ್ಬಿಸಿಕೊಂಡು ಹೋದ್ರು. ನಾ ನೋಡಿಕೋತ ನಿಂತಿದ್ದೆ.”

“ನೀರು ಹೊತ್ತರ ಯಾರೂ ಸಾಯಂಗಿಲ್ಲ. ನೀ ಹೊಲಕ್ಕ ಹೋದಾವ ತಿರುಗಿ ಬರಲಿಲ್ಲಂದ್ರ?”

ತನ್ನ ಹೆಸರು ಸೂಚಿಸಲು ಪಕ್ಕದ ಮನೆಯ ಪಿಂಜಾರ ದಸ್ತಗೀರ್‌ಸಾಬ್ ಒಪ್ಪಿದ್ದಾನೆ ಎಂದಷ್ಟೇ ಹೇಳಿ ಲಾಲಪ್ಪ ಎದ್ದುಹೋದ.

ಅಂದಿನಿಂದ ಆದಮ್ಮನ ಜೀವದಲ್ಲಿ ಜೀವವಿರಲಿಲ್ಲ. ಅವನು ಹೊಲಕ್ಕೆ ಹೊರಟರೆ ಹುಲ್ಲಿನ ನೆಪ ಹೇಳಿ ತಾನೂ ಹಿಂದೆಯೇ ಹೊರಡುವಳು. ದಾರಿಯಲ್ಲಿ ಯಾರಾದರೂ ನಿಂತು ಮಾತಾಡಿಸಿದರೆ ಮೊದಲು ಅವರ ಕೈಯಲ್ಲಿ ಏನಿದೆಯೆಂದು ನೋಡುವಳು. ಒಂದು ದಿನ ಗೌಡನ ಆಳು ಸುಮ್ಮನೆ ನಕ್ಕು ಹೋದ. ಅದೊಂದು ನಗೆಗೆ ಅವಳಿಗೆ ಅನ್ನ ನೀರು ಸೇರಲಿಲ್ಲ.

ಸೋಮವಾರ ಮೆಂಬರರ ಆಯ್ಕೆ ನಡೆಸಲು ಲಿಂಗಸುಗೂರಿನಿಂದ ಕಂದಾಯ ಅಧಿಕಾರಿ ಗಿರದಾವರರು ಬಂದರು. ಗೌಡ ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕುಳಿತ. ಗಂಡಸರು ನೆಲದಲ್ಲಿ ಕುಳಿತರು, ಹೆಂಗಸರು ಎದುರಿನ ಗೋಡೆಗೆ ಒತ್ತಿ ನಿಂತರು. ಗೌಡನ ಅಳಿಯನ ಹೆಸರು ಹೇಳಲು ನಾಲ್ಕು ಜನ ಒಟ್ಟಿಗೆ ಎದ್ದರು. ಇನ್ನು ಯಾರಾದರೂ ಇದ್ದಾರೆಯೇ ಎಂದು ಗಿರದಾವರರು ಕೇಳಿದಾಗ ದಸ್ತಗೀರ್‌ಸಾಬ್ ಅರ್ಧ ಎದ್ದ.

“ಏನ್ ದಸ್ತಗೀರಾ, ಗಲಾಟಿ ವರ್ಷ ಹೆಂಡ್ತಿ ಮಕ್ಕಳನ್ನ ಕರಕೊಂಡು ನಮ್ಮ ಅಟ್ಟದ ಮ್ಯಾಲ ಕುಂತಿದ್ದು ಮರತಿ?” ಎಂದು ಗೌಡ ಮೆತ್ತಗೆ ಕೇಳಿದ.

“ಇಲ್ರೀ ಗೌಡ್ರ, ಮರತಿಲ್ಲ” ಎಂದವನೇ ಅವನು ಕುಳಿತುಬಿಟ್ಟ. ಪಾಪ, ಅದು ಸುಳ್ಳೂ ಅಲ್ಲ. ಸಾಬರ ಮನೆಗಳ ಮೇಲೆ ಜನ ನುಗ್ಗಿದ ಆ ವರ್ಷ ಅವನ ಮಕ್ಕಳು ಉಳಿದದ್ದು ಅದೇ ಅಟ್ಟದಿಂದ.

ತನ್ನ ಹೆಸರು ತಾನೇ ಹೇಳಿಕೊಳ್ಳುವಂತಿಲ್ಲ. ಲಾಲಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ನೋಡಿದವರೆಲ್ಲ ನೆಲ ನೋಡಿದರು. ಒಳ್ಳೆಯದೇ ಆಯಿತು, ಗಂಡ ಉಳಿದ ಎಂದು ಆದಮ್ಮನಿಗೆ ಮೊದಲು ಅನ್ನಿಸಿತು. ಅಷ್ಟರಲ್ಲಿ ಗೌಡ ಲಾಲಪ್ಪನತ್ತ ತಿರುಗಿ, ಎಂದೂ ಇಲ್ಲದ ಅಕ್ಕರೆಯಿಂದ, “ಹೊಲಕ್ಕ ಒಬ್ಬಾವನ ಹೋಗತೀ ಅಲ್ಲೇನು? ಹುಷಾರು” ಎಂದ.

ಆ ಮಾತಿನ ಅರ್ಥ ಆದಮ್ಮನಿಗೆ ಹೊಳೆಯಿತು. ಕುಳಿತರೂ ಬಿಡುವುದಿಲ್ಲ, ನಿಂತರೂ ಬಿಡುವುದಿಲ್ಲ ಇವರು.

“ನಾ ಹೇಳತೀನ್ರೀ” ಎಂದು ಗೋಡೆ ಬಿಟ್ಟು ಮುಂದೆ ಬಂದಳು.

“ಯಾರ ಹೆಸರಮ್ಮ?” ಗಿರದಾವರರು ಕೇಳಿದರು.

“ಅವರದ” ಎಂದು ಗಂಡನತ್ತ ಕೈ ತೋರಿಸಿದಳು.

“ಹಾಗೆ ಆಗೋದಿಲ್ಲ. ಹೆಸರು ಬಾಯಿಂದ ಹೇಳಬೇಕು.”

ಹೆಂಗಸರ ಗುಂಪಿನಲ್ಲಿ ಗುಜುಗುಜು ಎದ್ದಿತು. ಗೌಡ ಜೋರಾಗಿ ನಕ್ಕ. “ಒಡಪು ಕಟ್ಟಿ ಹಾಡಿ ಗಂಡನ ಹೆಸರು ಹೇಳಾಕ ಇದು ಮದುವಿ ಚಪ್ಪರ ಅಲ್ಲವ್ವಾ. ಗಂಡನ ಹೆಸರು ಹಿಡಿದ್ರ ಅವನ ಆಯುಷ್ಯ ಕಡಿಮಿ ಆಗತೈತಿ. ಗೊತ್ತಿಲ್ಲೇನು?”

ಅವಳಿಗೆ ಗೊತ್ತಿತ್ತು. ಮದುವೆಯಾದ ದಿನ ಅವ್ವ ಹೇಳಿಕೊಟ್ಟದ್ದು ಅದನ್ನೇ. ಜನಗಣತಿಯವರು ಬಂದಾಗಲೂ ಪಕ್ಕದ ಮನೆಯವರಿಂದ ಹೇಳಿಸಿದ್ದಳೇ ಹೊರತು ತಾನು ತುಟಿ ಬಿಚ್ಚಿರಲಿಲ್ಲ. ಗಂಡ ಬೇಡವೆಂದು ತಲೆಯಾಡಿಸುತ್ತಿದ್ದ.

“ಲಾಲಪ್ಪ” ಎಂದಳು.

ಯಾರಿಗೂ ಸರಿಯಾಗಿ ಕೇಳಿಸಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು ಗೌಡನನ್ನೇ ನೋಡುತ್ತ ಮತ್ತೆ ಹೇಳಿದಳು: “ಲಾಲಪ್ಪ! ನನ್ನ ಗಂಡ ಲಾಲಪ್ಪ! ಗೌಡ್ರ, ನನಗ ಅಂಜಿಕಿ ಐತ್ರೀ, ಇಲ್ಲನ್ನಂಗಿಲ್ಲ. ಹಂಪಣ್ಣನ ಹೆಸರು ಯಾರೂ ಹಿಡೀಲಿಲ್ಲ, ಅದಕ್ಕ ಆತನ ಕಾಲು ಮುರದವರ ಹೆಸರನೂ ಯಾರೂ ಹಿಡೀಲಿಲ್ಲ. ಇವತ್ತ ಸರಕಾರದ ಮುಂದ ನಾ ಹಿಡಿದೀನಿ. ನಾಳಿ ಈತನ ಮೈಮ್ಯಾಲ ಒಂದು ಗೆರಿ ಬಿದ್ರೂ ಎರಡನೇ ಹೆಸರನೂ, ಹೊಡದವರದನೂ, ಇಲ್ಲೇ ನಿಂತು ಹಿಡೀತೀನಿ.”

ಗಿರದಾವರರು ಗೌಡನ ಕಡೆ ನೋಡಿ, ಮುಂದಿದ್ದ ಕಾಗದದಲ್ಲಿ ಹೆಸರು ಬರೆದುಕೊಂಡರು. ಗೌಡ ಈಗ ನಗುತ್ತಿರಲಿಲ್ಲ. “ಇದಕ್ಕೆ ಇನ್ನೊಬ್ಬರ ಒಪ್ಪಿಗೆ ಬೇಕು” ಎಂದರು ಗಿರದಾವರರು.

ಆಮೇಲೆ ದಸ್ತಗೀರ್‌ಸಾಬ್ ಎದ್ದು ಗೌಡನಿಗೆ ಬಾಗಿ ಸಲಾಂ ಮಾಡಿದ.

“ಗೌಡ್ರ, ನಿಮ್ಮ ಅಟ್ಟ ನಾ ಸಾಯೋತನಕ ಮರೆಯಂಗಿಲ್ಲ” ಎಂದ. ಸಲಾಂ ಮಾಡಿದ ಕೈಯನ್ನು ಕೆಳಗಿಳಿಸದೆ ಹಾಗೆಯೇ ಮೇಲೆತ್ತಿದ.