ಸ್ಟೂಲಿನ ಎತ್ತರ

ಗಂಡನ ಸಂಗೀತದ ಕೋಣೆಗೆ ಎರಡೇ ಕಾನೂನು: ಕಾಲೊರೆಸಿಕೊಂಡು ಬಾ, ಏನೂ ಮುಟ್ಟಬೇಡ. ಹೆಂಡತಿ ಮೊದಲನೆಯದನ್ನು ತಪ್ಪದೆ ಪಾಲಿಸುತ್ತಿದ್ದಳು.

ಒಳಗೆ ಹಳೆಯ ಕಾಲದ ವಾಲ್ವ್ ರೇಡಿಯೊ, ಸ್ಪೂಲ್ ಟೇಪ್ ರೆಕಾರ್ಡರ್, ಆನೆಮರಿಯಷ್ಟು ಭಾರದ ಆಂಪ್ಲಿಫೈಯರ್, ಮೂಲೆಯಲ್ಲಿ ಒಂದು ಎಲೆಕ್ಟ್ರಿಕ್ ಆರ್ಗನ್. ಎಲ್ಲಕ್ಕೂ ಹೊದಿಕೆ, ಬಾಗಿಲಿಗೆ ಬೀಗ, ಕೀಲಿಕೈ ಶೂ ಪಾಲಿಶ್ ಡಬ್ಬಿಯಲ್ಲಿ. ಮನೆಯ ಮೂಲೆಮೂಲೆ ಗುಡಿಸುವವಳಿಂದ ಕೀಲಿಕೈ ಬಚ್ಚಿಡಬಲ್ಲೆನೆಂಬ ಅವನ ನಂಬಿಕೆ ಅವಳಿಗೆ ಒಮ್ಮೊಮ್ಮೆ ಮುದ್ದಾಗಿಯೂ ಕಾಣುತ್ತಿತ್ತು. ಅವನು ಕಚೇರಿಗೆ ಹೋಗಿ, ಅಡುಗೆಮನೆ ತಣ್ಣಗಾದ ಹೊತ್ತಿಗೆ ಅವಳು ಆರ್ಗನ್ನಿನ ಮುಂದೆ ಕೂರುತ್ತಿದ್ದಳು. ಆ ಒಂದು ಗಂಟೆ ಅವಳು ಯಾರ ಸೊಸೆಯೂ ಅಲ್ಲ, ಯಾರ ಹೆಂಡತಿಯೂ ಅಲ್ಲ. ಕರೆದರೂ ಕಿವಿಗೆ ಬೀಳದ ಒಬ್ಬ ಹೆಂಗಸು, ಅಷ್ಟೆ.

ಈಗ ಆ ಗಂಟೆಗೇ ಸಂಚಕಾರ ಬಂದಿತ್ತು. ಗಂಡ ಎಲ್ಲಕ್ಕೂ ವಿಮೆ ಮಾಡಿಸಲು ಹೊರಟಿದ್ದ. ಅದಾದ ಮೇಲೆ ಬಾಗಿಲಿಗೆ ಅಂಕಿ ಒತ್ತುವ ಹೊಸ ಬೀಗವಂತೆ. ಅಂಕಿಯನ್ನು ಯಾರೂ ಶೂ ಪಾಲಿಶ್ ಡಬ್ಬಿಯಲ್ಲಿ ಇಡುವುದಿಲ್ಲವಲ್ಲ!

ಬೆಲೆ ಕಟ್ಟಲು ವಿಮೆ ಕಂಪನಿಯಿಂದ ಬಂದವಳು ದಪ್ಪ ಕನ್ನಡಕದ, ಕಡಿಮೆ ಮಾತಿನ ಮೇಡಂ.

"ಹತ್ತು ವರ್ಷದಿಂದ ಯಾರೂ ಮುಟ್ಟಿಲ್ಲ ಮೇಡಂ," ಗಂಡ ಹೊದಿಕೆ ಎತ್ತುತ್ತ ಬೀಗಿದ. "ಗಾಳೀನೂ ಸೋಕಿಸಿಲ್ಲ."

ಮೇಡಂ ಟೇಪ್ ರೆಕಾರ್ಡರಿನ ಮುಚ್ಚಳ ಬಿಚ್ಚಿ ಬೆರಳಿಟ್ಟಳು. ರಬ್ಬರ್ ಬೆಲ್ಟು ಕರಗಿ ಕರಿ ಅಂಟಾಗಿ ಬೆರಳಿಗೆ ಹತ್ತಿತು. ಆಂಪ್ಲಿಫೈಯರಿಗೆ ಕರೆಂಟು ಕೊಟ್ಟರೆ ಗೊರಕೆ ಹೊಡೆದು ಸುಟ್ಟ ವಾಸನೆ ಬಿಟ್ಟಿತು. ರೇಡಿಯೊ ಕೆಮ್ಮಲೂ ಇಲ್ಲ.

"ಇವೆಲ್ಲ ಆಗಾಗ ಓಡ್ತಾ ಇರ್ಬೇಕು ಸಾರ್. ಮುಚ್ಚಿಟ್ರೆ ಒಳಗೊಳಗೇ ಸಾಯ್ತವೆ."

ಬಾಗಿಲಲ್ಲಿ ನಿಂತಿದ್ದ ಹೆಂಡತಿಗೆ, ಈ ಮಾತು ಬರೀ ಯಂತ್ರಗಳ ಬಗ್ಗೆ ಅನ್ನಿಸಲಿಲ್ಲ.

ಆರ್ಗನ್ ಮಾತ್ರ ಸ್ವಿಚ್ ಹಾಕಿದ್ದೇ ತಡ, ಎದ್ದು ಕೂತಿತು. ಮೇಡಂ ಒಂದು ಕೀ ಒತ್ತಿದಳು. ಜೇನಿನಂಥ ದನಿ.

"ಇದನ್ನ ಯಾರು ನುಡಿಸ್ತಾರೆ?"

"ಯಾರೂ ಇಲ್ಲ."

"ಹಾಗಾದ್ರೆ ಇದಕ್ಕೂ ಗುಜರಿ ರೇಟೇ. ಇವತ್ತು ಓಡುತ್ತೆ, ನಾಳೆ ಇವುಗಳ ಗತಿಯೇ. ನುಡಿಸೋರು ಅಂತ ಒಬ್ರಿದ್ರೆ ಅವರ ಹೆಸರು ಹಾಕಿ ಪೂರ್ತಿ ಬೆಲೆ ಬರೀತೀನಿ."

"ನಾನೇ ನುಡಿಸೋದು!"

"ಯಾರೂ ಮುಟ್ಟಿಲ್ಲ ಅಂದ್ರಿ?"

"ಅಂದ್ರೆ... ಬೇರೆ ಯಾರೂ."

"ನುಡಿಸಿ, ನೋಡೋಣ."

ಅವನು ಸ್ಟೂಲಿನ ಮೇಲೆ ಕೂತ. ಹೆಂಡತಿಗೆ ಆಗಲೇ ನೆನಪಾದದ್ದು: ನಿನ್ನೆ ತನ್ನ ಎತ್ತರಕ್ಕೆ ತಿರುಗಿಸಿ ಇಳಿಸಿದ್ದ ಸ್ಟೂಲನ್ನು ಮತ್ತೆ ಏರಿಸಲು ಮರೆತಿದ್ದಳು. ಆರಡಿ ಗಂಡ ಮೊಣಕಾಲನ್ನು ಗಲ್ಲಕ್ಕೆ ತಾಗಿಸಿಕೊಂಡು ಮಿಡತೆಯ ಹಾಗೆ ಕೂತಿದ್ದ. ಮೇಡಂ ಸ್ಟೂಲು ನೋಡಿದಳು, ಆಮೇಲೆ ಗಿಡ್ಡ ಹೆಂಡತಿಯನ್ನು ನೋಡಿದಳು. ಕನ್ನಡಕದ ಹಿಂದೆ ಏನೋ ಮಿಣುಕಿತು.

ಗಂಡ ಹತ್ತೂ ಬೆರಳು ಊರಿದ. ಕೊಟ್ಟಿಗೆಯಲ್ಲಿ ಎಮ್ಮೆಗಳು ಜಗಳಕ್ಕೆ ಬಿದ್ದಂತಾಯಿತು.

ಪಕ್ಕದ ಕೋಣೆಯಿಂದ ಅತ್ತೆಯ ದನಿ ಬಂತು. "ಏನೇ, ಇವತ್ತು ಬೆಳಿಗ್ಗೇನೇ ಶುರು ಮಾಡ್ಕೊಂಡ್ಯಾ? ದಿನಾ ಎಷ್ಟು ಚೆನ್ನಾಗಿ ನುಡಿಸ್ತಿದ್ದೆ. ಇವತ್ತೇನು, ಕೈಗೆ ಲಕ್ವ ಹೊಡೀತಾ?"

ಗಂಡ ಮೆಲ್ಲಗೆ ತಿರುಗಿದ. ಹೆಂಡತಿಯ ನಾಲಿಗೆಯ ತುದಿಗೆ ನಾಲ್ಕಾರು ಸುಳ್ಳು ಬಂದವು. ಆದರೆ ಕತ್ತು ಹಿಚುಕಿಸಿಕೊಂಡ ಆರ್ಗನ್ನಿನ ಆ ಕೂಗು ಇನ್ನೂ ಕಿವಿಯಲ್ಲಿತ್ತು. ಅದನ್ನು ಹಾಗೇ ಬಿಟ್ಟು ಹೋಗಲು ಅವಳಿಗೆ ಮನಸ್ಸಾಗಲಿಲ್ಲ.

"ಏಳಿ ಸ್ವಲ್ಪ," ಅಂದಳು.

ನುಡಿಸಿದಳು. ಮೊದಲು ಪಕ್ಕದಲ್ಲಿ ಗಂಡ ನಿಂತಿದ್ದಾನೆಂಬ ಅರಿವಿತ್ತು, ಆಮೇಲೆ ಅದೂ ಮರೆಯಿತು. ಮುಗಿದಾಗ ಪಕ್ಕದ ಕೋಣೆಯಿಂದ ಅತ್ತೆ, "ಹಾಂ, ಈಗ ಸರಿಹೋಯ್ತು ನೋಡು!"

"ಕೀಲಿಕೈ..." ಗಂಡ ತೊದಲಿದ.

"ಪಾಲಿಶ್ ಡಬ್ಬೀಲಿ."

"ಎಷ್ಟು ದಿನದಿಂದ?"

"ನಿಮ್ಮ ಶೂ ಯಾಕೆ ಅಷ್ಟು ಹೊಳೀತಿತ್ತು ಅಂದ್ಕೊಂಡ್ರಿ? ಕೀಲಿಕೈಗೆ ಡಬ್ಬಿ ತೆಗೆದಾಗೆಲ್ಲ ಶೂನೂ ಉಜ್ಜಿಡ್ತಿದ್ದೆ ರೀ."

ಮೇಡಂ ಪೆನ್ನು ತೆಗೆದಳು. "ನುಡಿಸುವವರ ಹೆಸರು?"

ಗಂಡ ಬಾಯಿ ತೆರೆಯುವ ಮೊದಲೇ ಅವಳು ತನ್ನ ಹೆಸರು ಹೇಳಿದಳು. ಎಷ್ಟೋ ಕಾಲದ ಮೇಲೆ ಅದನ್ನು ಗಟ್ಟಿಯಾಗಿ ಹೇಳಿದಂತಿತ್ತು.

"ಹೊಸ ಬೀಗ ಹಾಕ್ಸಿ ಸಾರ್, ಒಳ್ಳೇದೇ," ಮೇಡಂ ಚೀಲ ಹೆಗಲಿಗೇರಿಸಿದಳು. "ಅಂಕಿ ಇವರೇ ಇಡ್ಲಿ. ನುಡಿಸೋದು ನಿಂತ್ರೆ ಬೆಲೆ ಬಿದ್ದೋಗುತ್ತೆ."

ಮುಂದಿನ ರಜಾದಿನ ಮಧ್ಯಾಹ್ನ, ಹೊಸ ಬೀಗ ಹಾಕಿದ್ದ ಕೋಣೆಯ ಬಾಗಿಲನ್ನು ಯಾರೋ ಅಳುಕುತ್ತ ತಟ್ಟಿದರು.

"ಬರಬಹುದಾ?" ಗಂಡನ ದನಿ.

ಅವಳು ನುಡಿಸುತ್ತಿದ್ದ ಚರಣ ಮುಗಿಸಿಯೇ ಎದ್ದು ಚಿಲಕ ತೆಗೆದಳು.

"ಕಾಲೊರೆಸ್ಕೊಂಡು ಬನ್ನಿ. ಏನೂ ಮುಟ್ಟಬೇಡಿ."