ಇನ್ನೂರೈವತ್ತಾರು ಅಕ್ಷರದೊಳಗೆ ಗಂಗಣ್ಣ

ಸಿ.ಎಸ್. ಪುರದ ಪಕ್ಕದ ಹಳ್ಳಿಯ ಹಾಲಿನ ಡೈರಿಗೆ ಹೊಸ ಕಂಪ್ಯೂಟರ್ ಕೊಡಿಸಿದ್ದು ಶಕುಂತಲಮ್ಮ. ಫ್ಯಾನು, ಟ್ಯೂಬ್‌ಲೈಟು ಕೊಟ್ಟವರು ಅದರ ಮೇಲೆ ಹೆಸರು ಬರೆಸುವುದು ಆ ಊರಿನ ವಾಡಿಕೆ. ಕಂಪ್ಯೂಟರ್ ಕೂರಿಸಲು ಶೆಟ್ಟಿಹಳ್ಳಿಯಿಂದ ಬಂದಿದ್ದ ಮಾಲಿನಿ ಇನ್ನೂ ಒಳ್ಳೆಯ ಜಾಗ ತೋರಿಸಿದಳು. ಕಂಪ್ಯೂಟರ್ ಏಳುವಾಗ ಅದರ ಕರ್ನಲ್‌ಗೆ, ಅಂದರೆ ಒಳಗಿನ ಯಜಮಾನನಿಗೆ, ಒಂದು ಸಾಲಿನ ಆಜ್ಞೆ ಹೋಗುತ್ತದೆ. ಆ ಸಾಲು ಪರದೆಯ ಮೇಲೂ ಮೂಡುತ್ತದೆ. ಅದರ ಬಾಲಕ್ಕೆ ಇಂಗ್ಲಿಷ್ ಅಕ್ಷರದಲ್ಲಿ ಹೆಸರು ಸೇರಿಸಿದರಾಯಿತು. ದಿನಕ್ಕೆ ಹತ್ತು ಸಲ ಕರೆಂಟು ಹೋಗಿ ಬರುವ ಊರು, ಹತ್ತು ಸಲವೂ ಹೆಸರು. ಇಪ್ಪತ್ತಾರು ವರ್ಷ ಅಲ್ಲಿ ಹಾಲು ಹಾಕಿದ್ದರೂ ಶಕುಂತಲಮ್ಮನ ಹಾಲಿನ ಲೆಕ್ಕದ ಪುಸ್ತಕದಲ್ಲಿದ್ದದ್ದು ಗಂಡನ ಹೆಸರೇ. ತನ್ನದನ್ನೊಮ್ಮೆ ಕಣ್ಣಾರೆ ನೋಡಬೇಕೆಂದು ಆಕೆಗೆ ಬಹಳ ಆಸೆಯಾಯಿತು.

ಆದರೆ ಏನು ಹಾಕಬೇಕೆಂದು ಚೀಟಿ ಬರೆದುಕೊಟ್ಟವರು ಗಂಡ ಗಂಗಣ್ಣ. ಮನಸ್ಸು ಒಳ್ಳೆಯದು, ಹೆಸರು ಚಿಕ್ಕದು, ಪದವಿಗಳದ್ದೇ ಉಪದ್ರವ. ಮಾಜಿ ಅಧ್ಯಕ್ಷರು, ಮಾಜಿ ಉಪಾಧ್ಯಕ್ಷರು, ತೆಂಗು ಬೆಳೆಗಾರರ ಸಂಘದ ಸಂಚಾಲಕರು, ಸಮಾಜ ಸೇವಕರು ಎಲ್ಲ ಮುಗಿದ ಮೇಲೆ ಅವರ ಹೆಸರು, ಕಟ್ಟಕಡೆಗೆ ‘ಮತ್ತು ಧರ್ಮಪತ್ನಿ ಶಕುಂತಲಮ್ಮ’. ಪರದೆಯ ಮೇಲೆ ಸಾಲು ‘ಮತ್ತು ಧರ್ಮ’ಕ್ಕೆ ನಿಂತುಬಿಟ್ಟಿತು.

“ಈ ಕರ್ನಲ್ ಇನ್ನೂರೈವತ್ತಾರು ಅಕ್ಷರದ ಮೇಲೆ ತಗೊಳಲ್ಲ ಅಮ್ಮ. ಮಿತಿ ಏರಿಸ್ತೀನಿ, ಇರಿ,” ಎಂದ ಮಾಲಿನಿ ಅಂಕಿ ಬದಲಿಸಿ, ಕರ್ನಲ್ಲನ್ನೇ ಹೊಸದಾಗಿ ಕಟ್ಟಿ ಕೂರಿಸಿದಳು. ಐನೂರ ಹನ್ನೆರಡಾಯಿತು.

ಜಾಗವಿದೆಯೆಂದು ಕಿವಿಗೆ ಬಿದ್ದದ್ದೇ ತಡ, ಗಂಗಣ್ಣನವರಿಗೆ ಕಬಡ್ಡಿ ಟೂರ್ನಮೆಂಟಿನ ಗೌರವಾಧ್ಯಕ್ಷತೆ, ಕುಣಿಗಲ್ಲಿನ ಸನ್ಮಾನ ಎಲ್ಲ ನೆನಪಾದವು. ಮಾಲಿನಿ ಸಾವಿರದ ಇಪ್ಪತ್ನಾಲ್ಕು ಮಾಡಿದಳು. ಅವರು ಅದನ್ನೂ ತುಂಬಿಸಿದರು.

ಶಕುಂತಲಮ್ಮನಿಗೆ ಪಿತ್ತ ನೆತ್ತಿಗೇರಿತು. “ಎಷ್ಟು ಜಾಗ ಕೊಟ್ರೂ ತುಂಬ್ತಾರೆ ಕಣಮ್ಮ. ಮನೇಲಿ ಬೀರು ತುಂಬ ಅವ್ರ ಸನ್ಮಾನದ ಶಾಲುಗಳೇ, ನನ್ ಸೀರೆ ಟ್ರಂಕಲ್ಲಿ ಅವೆ. ನೀನು ಹಳೇ ಅಳತೆ, ಹಳೇ ಚೀಟಿನೇ ಇಡು. ನನ್ ಹೆಸ್ರು ಮೊದ್ಲು ಹಾಕು.”

ಮರುದಿನ ಬೆಳಿಗ್ಗೆ ಕ್ಯಾನು ಹಿಡಿದವರ ಸಾಲಿನ ಮುಂದೆಯೇ ಕರೆಂಟು ಬಂತು. ‘ಶಕುಂತಲಮ್ಮ ಮತ್ತು ಪತಿ’ ಎಂದು ಶುರುವಾದ ಸಾಲು ಪದವಿಗಳನ್ನೆಲ್ಲ ದಾಟಿ ‘ಗಂ’ಗೆ ನಿಂತಿತು. ಆಕೆ ಮೊದಲ ಪದವನ್ನು ಮೂರು ಸಲ ಓದಿಕೊಂಡಳು. ಖುಷಿಗೆ ಕಣ್ಣು ತುಂಬಿ ಬಂತು.

“ಗಂ ಅಂದ್ರೆ ಯಾರ್ಲಾ?” ಎಂದರು ಯಾರೋ ಹಿಂದಿನಿಂದ.

ಗಂಗಣ್ಣ ಮಾಲಿನಿಯನ್ನು ಪಕ್ಕಕ್ಕೆ ಕರೆದರು. “ಹೆಸ್ರು ಪೂರ್ತಿ ಬರ್ಬೇಕಾದ್ರೆ ಏನ್ಮಾಡ್ಬೇಕಮ್ಮ?”

“ಒಂದೇ ಒಂದು ಪದವಿ ತೆಗೀರಿ ಸಾರ್, ಸಾಕು.”

ಅವರು ಪೆನ್ನು ಹಿಡಿದು ಬೆಂಚಿನ ಮೇಲೆ ಕೂತರು. ಸಂಜೆಯ ಹಾಲು ಬಂದರೂ ಒಂದು ಪದವಿಯನ್ನೂ ಹೊಡೆದುಹಾಕಲು ಕೈ ಬರಲಿಲ್ಲ. ಕೊನೆಗೆ ಚೀಟಿ ಮಡಚಿ ಜೇಬಿಗಿಟ್ಟುಕೊಂಡರು.

“ಗಂ ಅಂತಾನೇ ಇರ್ಲಿ ಬುಡಮ್ಮ,” ಎಂದರು.